ನಾಲ್ಕು ಸೊನ್ನೆಗಳು

ಆ ಚಳಿಗಾಲದಲ್ಲಿ ನನಗೆ ಬೇಕಾಗಿದ್ದದ್ದು ಇಪ್ಪತ್ತೈದು ನಿಮಿಷ. ಯಾವುದಾದರೂ ಒಂದು ಬಸ್ಸಿನ ಇಪ್ಪತ್ತೈದು ನಿಮಿಷ, ಅದೂ ಬೆಳಗ್ಗೆ ಏಳು ಗಂಟೆಯ ಒಳಗೆ.

ಹೊಸಕೋಟೆ ಕಡೆಯ ಬಸ್ ಡಿಪೋ ಒಂದರಲ್ಲಿ ವೇಳಾಪಟ್ಟಿ ಬರೆಯುವ ಕೆಲಸ ನನ್ನದು. ಯಾವ ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಹೊರಡಬೇಕು, ರಾತ್ರಿ ಯಾವ ಊರಲ್ಲಿ ತಂಗಬೇಕು, ಡ್ರೈವರ್ ಕಂಡಕ್ಟರಿಗೆ ಎಲ್ಲಿ ಟೀ ಕುಡಿಯಲು ಬಿಡಬೇಕು ಎಂಬುದನ್ನೆಲ್ಲ ಹಾಳೆಯ ಮೇಲೆ ಕೂರಿಸಬೇಕು. ಹೊಸಕೋಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸುಗಳಲ್ಲಿ ಆಗ ಜನ ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದರು. ಹೆಚ್ಚುವರಿಯಾಗಿ ಒಂದು ಟ್ರಿಪ್ ಬಿಡಿ, ಹೊಸ ಬಸ್ಸು ಮಾತ್ರ ಕೇಳಬೇಡಿ ಎಂದು ಮೇಲಿನ ಕಚೇರಿಯಿಂದ ಪತ್ರ ಬಂತು. ಇಂಥ ಪತ್ರ ಬರೆಯುವವರಿಗೆ ಬಸ್ಸು ಮರಿ ಹಾಕುತ್ತದೆ ಎಂಬ ನಂಬಿಕೆ ಇರಬೇಕು. ಹಾಕುವುದಿಲ್ಲವಾದ್ದರಿಂದ ಇನ್ನೊಂದು ದಾರಿಯ ನಿಮಿಷಗಳನ್ನು ಕಿತ್ತು ತಂದು ಈ ದಾರಿಗೆ ಹೊಂದಿಸುವುದೇ ನಮ್ಮ ಪಾಲಿಗೆ ಉಳಿಯುವ ವಿದ್ಯೆ.

ಹುಡುಕುತ್ತಾ ಹೋದಾಗ ಜಡಿಗೇನಹಳ್ಳಿಯ ಆಚೆಗೆ ಹೋಗುವ ಹಾಲ್ಟ್ ಬಸ್ಸು ಕಣ್ಣಿಗೆ ಬಿತ್ತು. ಸಂಜೆಯ ಕೊನೆಯ ಬಸ್ಸಾಗಿ ಹೋಗಿ, ದಾರಿಯ ತುದಿಯ ಊರಲ್ಲಿ ರಾತ್ರಿ ನಿಂತು, ಬೆಳಗ್ಗೆ ಅಲ್ಲಿಂದಲೇ ಮೊದಲ ಬಸ್ಸಾಗಿ ಹೊರಡುವುದನ್ನು ನಾವು ಹಾಲ್ಟ್ ಬಸ್ಸು ಎನ್ನುತ್ತೇವೆ. ಇದು ಐದೂ ಐವತ್ತಕ್ಕೆ ಕೊನೆಯ ಊರನ್ನು ಬಿಟ್ಟು, ನಡುವೆ ಇನ್ನೂ ಮೂರು ಹಳ್ಳಿ ದಾಟಿ, ಆರೂ ಕಾಲಿಗೆ ಜಡಿಗೇನಹಳ್ಳಿಗೆ ಬಂದು, ಆರೂ ಮುಕ್ಕಾಲಿಗೆ ಹೊಸಕೋಟೆ ಸೇರುತ್ತಿತ್ತು. ಟಿಕೆಟ್ ಮೆಷಿನ್ನಿನಿಂದ ಪ್ರತಿದಿನ ಇಳಿಸಿಕೊಳ್ಳುವ ವರದಿಯಲ್ಲಿ ಯಾವ ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರು ಎಂಬುದು ಇರುತ್ತದೆ. ಮೂರು ತಿಂಗಳ ವರದಿ ತೆಗೆದು ನೋಡಿದೆ. ಮೊದಲ ನಾಲ್ಕು ನಿಲ್ದಾಣಗಳ ಮುಂದೆ ದಿನವೂ ನಾಲ್ಕು ಸೊನ್ನೆ. ಜಡಿಗೇನಹಳ್ಳಿಯಲ್ಲಿ ಮಾತ್ರ ಒಂದೇ ಏಟಿಗೆ ಮೂವತ್ತು ಮೂವತ್ತೈದು ಜನ. ಅಂದರೆ ನಮ್ಮ ಬಸ್ಸು ಖಾಲಿ ಸೀಟುಗಳನ್ನು ಹೊತ್ತುಕೊಂಡು ಹಾಳು ರಸ್ತೆಯಲ್ಲಿ ಇಪ್ಪತ್ತೈದು ನಿಮಿಷ ಕುಲುಕಾಡುತ್ತಿದೆ ಎಂದಾಯಿತು.

ನನಗೆ ಖುಷಿಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಆಗಿದ್ದು ನಿಜ. ರಾತ್ರಿ ಹಾಲ್ಟನ್ನು ಕೊನೆಯ ಊರಿನಿಂದ ಜಡಿಗೇನಹಳ್ಳಿಗೆ ತಂದರೆ ಬಸ್ಸು ಅದೇ ಐದೂ ಐವತ್ತಕ್ಕೆ ಅಲ್ಲಿಂದ ಹೊರಟು ಇಪ್ಪತ್ತೈದು ನಿಮಿಷ ಮೊದಲೇ ಹೊಸಕೋಟೆಗೆ ಬರುತ್ತದೆ, ಅಲ್ಲಿಂದ ನೇರ ಬೆಂಗಳೂರಿಗೆ ಒಂದು ಟ್ರಿಪ್ ಹೊಡೆಯುತ್ತದೆ. ಪ್ರಸ್ತಾವನೆಯ ನಮೂನೆ ತುಂಬಿದೆ. ಅದರಲ್ಲಿ ಐದನೆಯ ಅಂಕಣ 'ಸ್ಥಳ ಪರಿಶೀಲನೆ'. ಹಾಲ್ಟ್ ಬದಲಿಸುವ ಮುನ್ನ ಪಟ್ಟಿ ಬರೆಯುವವರು ಆ ಬಸ್ಸಿನಲ್ಲಿ ಖುದ್ದಾಗಿ ಹೋಗಿ ತಲೆ ಎಣಿಸಿ ಬರಬೇಕು ಎಂಬುದು ನಿಯಮ. ಮೆಷಿನ್ನೇ ಎಣಿಸಿ ಕೊಟ್ಟಿರುವಾಗ ನಾನು ಬೆಳಗಿನ ಜಾವ ಎದ್ದು ಹೋಗಿ ಸೊನ್ನೆಯನ್ನು ಎಣಿಸುವುದೇನು? 'ಆಗಿದೆ' ಎಂದು ಬರೆದು ಸಹಿ ಹಾಕಿದೆ. ಈ ಅಂಕಣವನ್ನು ಎಲ್ಲರೂ ಹೀಗೇ ತುಂಬುತ್ತಿದ್ದರು, ಅಂಥದ್ದೊಂದು ರೂಢಿ. ಡಿಪೋ ಮ್ಯಾನೇಜರು ಹಾಳೆ ನೋಡಿ ಮುಖ ಅರಳಿಸಿಕೊಂಡು, "ಏನಮ್ಮಾ, ಗಾಳೀಲಿ ಬಸ್ಸು ತೆಗ್ದುಬಿಟ್ಟೆಯಲ್ಲ" ಎಂದರು. ಬರುವ ಸೋಮವಾರದಿಂದ ಜಾರಿ ಎಂದು ಆದೇಶ ಹೊರಬಿತ್ತು.

ಸೋಮವಾರ, ಮಂಗಳವಾರ ಯಾರೂ ಉಸಿರೆತ್ತಲಿಲ್ಲ. ಒಂದು ಟ್ರಿಪ್ ಕಿತ್ತರೆ ಮಧ್ಯಾಹ್ನದೊಳಗೆ ಫೋನು ಬರುವುದು ವಾಡಿಕೆ. ಈ ಸಲ ಅದೂ ಇಲ್ಲ. ಬೆಂಗಳೂರಿನ ಹೊಸ ಟ್ರಿಪ್ ತುಂಬಿ ಹೋಗುತ್ತಿತ್ತು. ನಾನು ಬುತ್ತಿ ಬಿಚ್ಚಿ ನೆಮ್ಮದಿಯಾಗಿ ಊಟ ಮಾಡಿದೆ.

ಬುಧವಾರ ಮಧ್ಯಾಹ್ನ ಆ ಬಸ್ಸಿನ ಕಂಡಕ್ಟರು ಡ್ಯೂಟಿ ಮುಗಿಸಿ ನನ್ನ ಮೇಜಿನ ಮುಂದೆ ಬಂದು ನಿಂತರು. ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ. ಜೋರಾಗಿ ಮಾತಾಡಿದ್ದನ್ನು ಡಿಪೋದಲ್ಲಿ ಯಾರೂ ಕೇಳಿದವರಿಲ್ಲ.

"ಮೇಡಂ, ಹಾಲ್ಟು ತೆಗ್ದಿದ್ದು ಯಾಕೆ ಅಂತ ಕೇಳ್ಬೋದಾ?"

"ಜನ ಇಲ್ಲ, ಅದಕ್ಕೆ."

"ಜನ ಇದ್ದಾರಲ್ಲ ಮೇಡಂ. ನಾಲ್ಕೂರಿಂದ ಇಪ್ಪತ್ತು ಇಪ್ಪತ್ತೆರಡು ಜನ ದಿನಾ ಬರ್ತಾರೆ."

ನಾನು ವರದಿಯನ್ನು ಅವರ ಕಡೆ ತಿರುಗಿಸಿ ಸೊನ್ನೆಗಳ ಮೇಲೆ ಪೆನ್ನು ಇಟ್ಟು ತೋರಿಸಿದೆ. "ಇದು ನೀವೇ ಕೊಟ್ಟ ಟಿಕೆಟಿನ ಲೆಕ್ಕ. ಮೆಷಿನ್ ಸುಳ್ಳು ಹೇಳುತ್ತಾ?"

ಅವರು ಆ ಸೊನ್ನೆಗಳ ಮೇಲೆ ಬೆರಳಾಡಿಸಿದರು. "ಇದು ಊರೂರಿಗೂ ಬೇರೆ ಬೇರೆ ಬರ್ತದಾ?" ಎಂದಷ್ಟೇ ಕೇಳಿ, ಕತ್ತು ಕೆರೆದುಕೊಳ್ಳುತ್ತಾ ಹೋಗಿಬಿಟ್ಟರು.

ಅವರು ಹೋದ ಮೇಲೆ ಪಕ್ಕದ ಮೇಜಿನವರು ನಕ್ಕು, ಆ ಊರಲ್ಲಿ ಹಾಲ್ಟಾದರೆ ಯಾರಾದರೂ ಒಬ್ಬರು ಮನೆಗೆ ಕರೆದು ಮುದ್ದೆ, ಅವರೆಕಾಳಿನ ಸಾರು ಇಕ್ಕುತ್ತಾರಂತೆ, ಈಗ ಅವರೆಕಾಯಿ ಕಾಲ ಬೇರೆ, ಹೊಟ್ಟೆ ಉರಿದಿರಬೇಕು ಎಂದರು. ನಾನೂ ನಕ್ಕೆ. ಆದರೂ ಆ ಕೊನೆಯ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಉಳಿಯಿತು. ಮುದ್ದೆಯ ಆಸೆಗೆ ಇಪ್ಪತ್ತು ಜನರನ್ನು ಹುಟ್ಟಿಸಿ ಹೇಳುವ ಪೈಕಿ ಆತ ಅಲ್ಲ. ಒಂದು ಸಲ ಹೋಗಿ ನೋಡಿ ಬಂದರೆ ಅವರ ಬಾಯಿಯೂ ಮುಚ್ಚುತ್ತದೆ, ನನ್ನ ಐದನೆಯ ಅಂಕಣವೂ ಸುಳ್ಳಾಗುವುದಿಲ್ಲ ಎಂದುಕೊಂಡೆ.

ಗುರುವಾರ ಬೆಳಗ್ಗೆ ಐದೂವರೆಗೆ ಸ್ಕೂಟರಿನಲ್ಲಿ ಜಡಿಗೇನಹಳ್ಳಿ ತಲುಪಿದೆ. ಮಂಜು ಎಷ್ಟಿತ್ತೆಂದರೆ ಬಸ್ಸಿನ ದೀಪ ಕಂಡಿತೇ ಹೊರತು ಬಸ್ಸು ಕಾಣಲಿಲ್ಲ. ರಸ್ತೆಯ ಮೇಲೆ ಯಾರೋ ರಾಗಿ ತೆನೆ ಹರಡಿದ್ದರು, ಬರುವ ಹೋಗುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು. ಡ್ರೈವರು ಅದನ್ನು ನೋಡಿ ಗೊಣಗುತ್ತಾ, ಆದರೂ ಬಸ್ಸನ್ನು ಅದರ ಮೇಲೆಯೇ ಹಿಂದೆ ಮುಂದೆ ಎರಡು ಸಲ ಓಡಿಸಿ ತಂದು ನಿಲ್ಲಿಸಿದರು. ನಾನು ಮುಂದಿನ ಸೀಟಿನಲ್ಲಿ ನೋಟ್‌ಬುಕ್ ಬಿಚ್ಚಿ ಕೂತೆ. ಒಬ್ಬೊಬ್ಬರಾಗಿ ಹತ್ತಿದರು: ಗುಲಾಬಿ ಹೂವಿನ ಗಂಟು ಹೊತ್ತ ಇಬ್ಬರು ಹೆಂಗಸರು, ಪಾಸು ತೋರಿಸುವ ಹುಡುಗಿಯರು, ಗಾರೆ ಕೆಲಸದವರು. ಹದಿನೆಂಟು ಜನ. ಕಂಡಕ್ಟರು ಟಿಕೆಟ್ ಕೊಟ್ಟರು, ಮೆಷಿನ್ನು ಕಿರ್ರೆಂದಿತು, ಪ್ರತಿ ಟಿಕೆಟಿನ ಮೇಲೂ ಜಡಿಗೇನಹಳ್ಳಿ. ನನ್ನ ವರದಿ ಹೇಳಿದ್ದೂ ಅದನ್ನೇ. ದಿನಾ ಮೂವತ್ತು ದಾಟುವ ಕಡೆ ಹದಿನೆಂಟೇ ಯಾಕೆ ಎಂದು ಒಂದು ಗಳಿಗೆ ಅನ್ನಿಸಿತು. ಚಳಿಗೆ ಏಳುವುದು ತಡವಾಗಿರಬೇಕು ಎಂದು ಸಮಾಧಾನ ಮಾಡಿಕೊಂಡು, ಪುಟದ ಕೆಳಗೆ 'ಸರಿ' ಎಂದು ಗೀಟು ಹಾಕಿದೆ.

ಬಸ್ಸು ಹೊರಟು ಇನ್ನೇನು ಎರಡನೇ ಗೇರಿಗೆ ಬಂದಿತ್ತು. ಹಿಂದಿನಿಂದ ತರಕಾರಿ ಟೆಂಪೋ ಒಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತಾ ಬಂತು. ಡ್ರೈವರು ನಿಲ್ಲಿಸಿದರು. ಹೂಕೋಸಿನ ಕ್ರೇಟುಗಳ ನಡುವಿನಿಂದ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಇಳಿದು ಓಡಿಬಂದು ಹತ್ತಿದಳು. ನನ್ನ ಪಕ್ಕದಲ್ಲೇ ಜಾಗವಿತ್ತು. ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು, ಆಮೇಲೆ ಬಗ್ಗಿ ಪಾದ ಒರೆಸಿಕೊಂಡಳು. ಮೊಣಕಾಲಿನವರೆಗೆ ಕೆಂಪು ಧೂಳು. ನಾನು ತಿರುಗಿ ನೋಡಿದೆ. ಹೂವಿನವರ ಸೀರೆಯ ಅಂಚೂ ಇಬ್ಬನಿಯಲ್ಲಿ ನೆಂದು ಕೆಂಪಾಗಿತ್ತು, ಹುಡುಗಿಯರ ಶೂಗಳೂ. ಟಾರು ರಸ್ತೆಯ ಬದಿಯ ಊರಿನವರಿಗೆ ಈ ಧೂಳು ಎಲ್ಲಿಂದ ಬರಬೇಕು?

"ನೀವೆಲ್ಲಾ ಜಡಿಗೇನಹಳ್ಳಿಯವರಲ್ವಾ?" ಎಂದೆ.

"ಅಲ್ಲ ಮೇಡಂ, ನಾನು ಬಸ್ಸು ನಿಲ್ತಿತ್ತಲ್ಲ, ಆ ಊರವಳು. ಈ ಧೂಳು ಮೆತ್ಕೊಂಡಿರೋರೆಲ್ಲ ಈಚೆ ಮೂರೂರೋರು. ನಾಲ್ಕೂ ಮುಕ್ಕಾಲಿಗೇ ಮನೆ ಬಿಟ್ಟವ್ರೆ, ನೀಲಗಿರಿ ತೋಪಿನೊಳಗೆ ಟಾರ್ಚು ಬಿಟ್ಕೊಂಡು."

ಹೊಸಕೋಟೆಯ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಅವಳಿಗೆ ಅಡುಗೆ ಕೆಲಸ. ಸೇರಿ ಐದು ತಿಂಗಳಾಗಿತ್ತು. ಏಳು ಗಂಟೆಗೆ ಒಲೆ ಹೊತ್ತಿಸಿದರೆ ಎಂಟೂಕಾಲಿಗೆ ಎಂಬತ್ತು ಹುಡುಗಿಯರಿಗೆ ಉಪ್ಪಿಟ್ಟೋ ಚಿತ್ರಾನ್ನವೋ ಆಗಬೇಕು. ಮನೆಯಲ್ಲಿ ಅತ್ತೆಯದೇ ಯಜಮಾನಿಕೆ. ಸೊಸೆ ಹೊರಗೆ ದುಡಿಯುವುದು ಆ ಅತ್ತೆಗೆ ಮೊದಲಿನಿಂದಲೂ ಹಿಡಿಸದ ವಿಷಯ.

"ಬಸ್ಸು ಬಾಗ್ಲಿಗೆ ಬರ್ತದೆ, ಬಾಗ್ಲಿಗೆ ತಂದು ಬಿಡ್ತದೆ, ಹಂಗಿದ್ರೆ ಹೋಗು ಅಂತ ಒಪ್ಪಿದ್ರು ಮೇಡಂ. ಈಗ ಬಸ್ಸೇ ಇಲ್ಲ. ಎರಡು ದಿನ ಮೈದುನ ಗಾಡೀಲಿ ಬಿಟ್ಟ, ಅವ್ನಿಗೆ ಶಿಫ್ಟು ಬದ್ಲಾಯ್ತು. ನಿನ್ನೆ ಹೋಗಕ್ಕಾಗ್ಲಿಲ್ಲ. ಎಂಬತ್ತು ಹುಡ್ಗೀರು ಬ್ರೆಡ್ಡು ತಿಂದವ್ರೆ."

"ಇವತ್ತು ಟೆಂಪೋ ಸಿಕ್ತಲ್ಲ?"

"ಗುರುವಾರ ಒಂದಿನ ಬರ್ತದೆ ಮೇಡಂ ಅದು. ಈ ವಾರ ಹೆಂಗೋ ಬಾ, ಸೋಮವಾರದಿಂದ ಟೈಮಿಗೆ ಬರಕ್ಕಾಗದಿದ್ರೆ ಬೇರೆಯೋರ್ನ ನೋಡ್ಕೋತೀನಿ ಅಂದವ್ರೆ ವಾರ್ಡನ್ನು. ಅವ್ರದೂ ತಪ್ಪಿಲ್ಲ ಬಿಡಿ, ಮಕ್ಳು ಉಪವಾಸ ಇರಕ್ಕಾಗತ್ತಾ?" ಖಾಲಿ ಕೈಚೀಲವನ್ನು ಮಡಚಿಕೊಳ್ಳುತ್ತಾ, "ನಮ್ಮತ್ತೆ ಇವತ್ತು ಬೆಳಗ್ಗೆ ಬುತ್ತಿ ಕಟ್ಟಲೇ ಇಲ್ಲ. ಇನ್ನು ಸಾಕು ಅಂತ ಅರ್ಥ ಅದು" ಎಂದಳು.

ನಾನು ಡಿಪೋದವಳು ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ಗೀಟು ಹಾಕಿದ ನೋಟ್‌ಬುಕ್ಕನ್ನು ಮೆಲ್ಲಗೆ ಬ್ಯಾಗಿಗೆ ಸೇರಿಸಿದೆ.

ಹೊಸಕೋಟೆಯಲ್ಲಿ ಎಲ್ಲರೂ ಇಳಿದ ಮೇಲೆ ಡ್ರೈವರನ್ನೂ ಕಂಡಕ್ಟರನ್ನೂ ನಿಲ್ಲಿಸಿ ಕೇಳಿದೆ. ಹಾಗಾದರೆ ಮೂರು ತಿಂಗಳು ನಾಲ್ಕೂ ಊರಿಗೆ ಸೊನ್ನೆ ಬಂದದ್ದು ಹೇಗೆ? ಕಂಡಕ್ಟರು ಮೆಷಿನ್ನನ್ನು ಚೀಲಕ್ಕೆ ಸೇರಿಸತೊಡಗಿದರು. ಡ್ರೈವರು ಬಾಯಿಬಿಟ್ಟರು.

"ಮೇಡಂ, ಆ ರೋಡಲ್ಲಿ ಒಂದ್ಸಲ ಬನ್ನಿ. ಎರಡು ಕೈಲಿ ಕಂಬಿ ಹಿಡ್ಕೊಂಡ್ರೂ ನಿಲ್ಲಕ್ಕಾಗಲ್ಲ. ಇನ್ನು ಮೆಷಿನ್ ಯಾವ ಕೈಲಿ ಹಿಡೀತಾರೆ ಈ ವಯಸ್ಸಲ್ಲಿ? ಒಂದ್ಸಲ ಬಿದ್ದು ಹಲ್ಲು ಮುರ್ಕೊಂಡವ್ರೆ. ಅದಕ್ಕೇ ಜಡಿಗೇನಹಳ್ಳಿ ಟಾರ್ ರೋಡು ಸಿಕ್ಮೇಲೆ ಎಲ್ರಿಗೂ ಒಟ್ಟಿಗೆ ಹೊಡೀತಾರೆ."

ಆಗ ಎಲ್ಲವೂ ಬಿಡಿಸಿಕೊಂಡಿತು. ಮೆಷಿನ್ನಿನಲ್ಲಿ ಪ್ರತಿ ಊರು ದಾಟಿದಾಗಲೂ ಒಂದು ಗುಂಡಿ ಒತ್ತಿ ಮುಂದಿನ ನಿಲ್ದಾಣಕ್ಕೆ ಬರಬೇಕು. ಕಂಡಕ್ಟರು ನಾಲ್ಕು ಸಲ ಒತ್ತಿ ನೇರವಾಗಿ ಜಡಿಗೇನಹಳ್ಳಿಗೆ ತಂದಿಟ್ಟುಕೊಂಡು ಆಮೇಲೆ ಟಿಕೆಟ್ ಹೊಡೆಯುತ್ತಿದ್ದರು. ಆ ಊರುಗಳಿಂದ ಬರುವವರು ಹೆಚ್ಚಾಗಿ ಹೆಂಗಸರು. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಅವರದು ಸೊನ್ನೆ ಟಿಕೆಟ್, ಯಾವ ಊರಿನಿಂದ ಹೊಡೆದರೂ ಒಂದೇ. ಹುಡುಗಿಯರದು ಪಾಸು, ಅದಕ್ಕೆ ಟಿಕೆಟ್ಟೇ ಇಲ್ಲ. ಗಾರೆ ಕೆಲಸದ ಮೂವರು ಗಂಡಸರಿಗೆ ಮಾತ್ರ ಎದ್ದು ನಿಂತು ಬೇರೆ ಹೊಡೆಯುವ ಬದಲು ಜಡಿಗೇನಹಳ್ಳಿಯಲ್ಲೇ ಇನ್ನೊಂದು ಸಣ್ಣ ದರದ ಟಿಕೆಟನ್ನೂ ಸೇರಿಸಿ ಕೊಟ್ಟು ದರ ಸರಿದೂಗಿಸುತ್ತಿದ್ದರು. ಒಂದು ಪೈಸೆ ಆಚೀಚೆ ಆಗದ ಹಾಗೆ ನೋಡಿಕೊಂಡ ಮನುಷ್ಯ ಊರುಗಳನ್ನೇ ಅಳಿಸಿಹಾಕಿದ್ದ.

"ಊರಿನ ಹೆಸ್ರು ನೋಡೋರು ಇದ್ದಾರೆ ಅಂತ ಗೊತ್ತಿರ್ಲಿಲ್ಲ ಮೇಡಂ" ಎಂದರು ಕಂಡಕ್ಟರು. "ಹಾಲ್ಟು ಹೋಗಿದ್ದು ನನ್ನಿಂದ್ಲೇ. ನಿನ್ನೆ ನಿಮ್ಮ ಹಾಳೆ ನೋಡಿದ್ಮೇಲೆ ಅನ್ನ ಸೇರಿಲ್ಲ."

ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂಬುದು ಸರಿಯಾಗಿ ಗೊತ್ತಾಗಲಿಲ್ಲ. ಎಂಟು ಗಂಟೆಯ ಬಸ್ಸಿನಲ್ಲಿ ಜಡಿಗೇನಹಳ್ಳಿಗೆ ವಾಪಸು ಹೋಗಿ ಸ್ಕೂಟರ್ ಹತ್ತಿ ಕೊನೆಯ ಊರಿನ ಕಡೆ ಹೊರಟೆ. ಜಲ್ಲಿ ಸುರಿದು ಟಾರು ಮರೆತ ರಸ್ತೆ. ಎರಡನೆಯ ಹಳ್ಳಿ ದಾಟುವ ಮುನ್ನವೇ ಒಂದು ಕೊರಕಲಿಗೆ ಚಕ್ರ ಸಿಕ್ಕಿ ಸ್ಕೂಟರ್ ಸಮೇತ ಮಗುಚಿಕೊಂಡೆ. ಮೊಣಕೈ ತರಚಿತು. ಹಸು ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬಳು ಬಂದು ಎತ್ತಿ, ಬಸ್ಸಲ್ಲಿ ಬರಬಾರದಿತ್ತೇನಮ್ಮಾ ಎಂದು ಕೇಳಿ, ತಾನೇ ನಾಲಿಗೆ ಕಚ್ಚಿಕೊಂಡಳು. ಅಲ್ಲಿ ಕೂತು ಧೂಳು ಕೊಡವಿಕೊಳ್ಳುವಾಗ ನಮ್ಮಪ್ಪನ ನೆನಪಾಯಿತು. ನಾವು ದೊಡ್ಡಬಳ್ಳಾಪುರದ ಮಗ್ಗದ ಮನೆಯವರು. ಅಪ್ಪ ಮಗ್ಗದಿಂದ ಇಳಿಸಿದ ಸೀರೆಯನ್ನು ಉದ್ದಕ್ಕೂ ಅಂಗೈಯಲ್ಲಿ ಸವರದೆ ಮಡಚುತ್ತಿರಲಿಲ್ಲ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಲ್ಲ ಎಂದರೆ, ಕೈಗೂ ಕಾಣಬೇಕು ಎನ್ನುತ್ತಿದ್ದರು. ನಾನು ಕೈ ಇಡದೆಯೇ ಮಡಚಿ ಕಳಿಸಿದ್ದೆ.

ಅಂದು ಮಧ್ಯಾಹ್ನವೇ ಮ್ಯಾನೇಜರ ಎದುರು ಕೂತು ಎಲ್ಲವನ್ನೂ ಹೇಳಿದೆ. ಕೆಟ್ಟವರಲ್ಲ ಅವರು, ಆದರೆ ಕಳಿಸಿದ ಕಾಗದವನ್ನು ವಾಪಸು ತರಿಸುವುದು ಎಂದರೆ ಅವರಿಗೆ ಹಲ್ಲು ಕೀಳಿಸಿಕೊಂಡ ಹಾಗೆ.

"ಹೊಸ ಟ್ರಿಪ್ಪು ತುಂಬ್ಕೊಂಡು ಹೋಗ್ತಿದೆ ಕಣಮ್ಮ. ಮೇಲಿನೋರು ಫೋನ್ ಮಾಡಿ ಹೊಗಳವ್ರೆ. ಈಗ ಹೋಗಿ ಬೇಡ ಅಂದ್ರೆ ಏನಂತಾರೆ? ಹಾಲ್ಟು ವಾಪಸ್ ಕೊಡ್ಬೇಕು ಅಂದ್ರೆ ಪರಿಶೀಲನಾ ಸಭೆಗೆ ಇಡ್ಬೇಕು. ಅದು ಮುಂದಿನ ತಿಂಗಳು."

"ಅಷ್ಟು ದಿನ ಆಗಲ್ಲ ಸಾರ್. ಸೋಮವಾರಕ್ಕೆ ಆಗಬೇಕು."

"ಯಾಕೆ ಸೋಮವಾರ?"

ಅಡುಗೆಯವಳ ವಿಷಯ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಹಂಗಿದ್ರೆ ಒಂದು ದಾರಿ ಇದೆ. ತಪ್ಪು ಊರಿನ ಟಿಕೆಟ್ ಕೊಟ್ಟಿದ್ದಾನೆ ಅಂತ ಕಂಡಕ್ಟರ್ ಮೇಲೆ ರಿಪೋರ್ಟ್ ಬರಿ. ಅದನ್ನಿಟ್ಕೊಂಡು ಸಭೆ ಬೇಗ ಕರೀರಿ ಅಂತ ಕೇಳ್ತೀನಿ. ಎರಡು ವಾರದಲ್ಲಿ ಆಗ್ಬೋದು."

ಎರಡು ವಾರ ಸಾಲದು. ಅದಲ್ಲದೆ ನಿವೃತ್ತಿಯ ಅಂಚಿನಲ್ಲಿರುವವರ ಮೇಲೆ ವಿಚಾರಣೆ ಶುರುವಾದರೆ ಅದು ಮುಗಿಯುವ ತನಕ ಅವರ ಕಾಗದಪತ್ರ ಯಾವುದೂ ಅಲ್ಲಾಡುವುದಿಲ್ಲ. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಶುಕ್ರವಾರ ಇಡೀ ಬೆಳಗ್ಗೆ ನಿಯಮದ ಪುಸ್ತಕ ತಿರುವಿ ಹಾಕಿದೆ. ಅಷ್ಟು ಶ್ರದ್ಧೆಯಿಂದ ಪರೀಕ್ಷೆಗೂ ಓದಿರಲಿಲ್ಲ. ಹಾಲ್ಟ್ ಬದಲಾವಣೆಯ ಅಧ್ಯಾಯದ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ, ಎರಡು ಸಾಲು ಸಿಕ್ಕಿತು. ಸ್ಥಳ ಪರಿಶೀಲನೆ ಇಲ್ಲದೆ ಹೊರಡಿಸಿದ ಬದಲಾವಣೆ ಅಸಿಂಧು, ಅದು ತಿಳಿದುಬಂದ ಕೂಡಲೇ ಡಿಪೋ ಮ್ಯಾನೇಜರು ಹಳೆಯ ವೇಳಾಪಟ್ಟಿಯನ್ನು ಜಾರಿಗೆ ತರಬೇಕು. ಸಭೆ ಬೇಡ, ಮೇಲಿನ ಅನುಮತಿ ಬೇಡ.

ಸೋಮವಾರಕ್ಕೆ ಬಸ್ಸು ಬರುವ ದಾರಿ ಇದೊಂದೇ. ಅದಕ್ಕೆ ಬೇಕಾದದ್ದೂ ಒಂದೇ: ಐದನೆಯ ಅಂಕಣದಲ್ಲಿ ನಾನು ಬರೆದದ್ದು ಸುಳ್ಳು ಎಂದು ನಾನೇ ಬರೆದುಕೊಡುವುದು. ಪುಸ್ತಕ ಮುಚ್ಚಿ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆ. ಇನ್ನೊಂದು ಟೀ ಕುಡಿದೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದು, ನನ್ನೊಬ್ಬಳ ಕುತ್ತಿಗೆ ಯಾಕೆ ಎಂಬ ವಾದ ಬಹಳ ಹೊತ್ತು ನಡೆಯಿತು. ಭಯವೂ ಇತ್ತು. ಇಷ್ಟು ವರ್ಷ ನನ್ನ ಕಡತದಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ, ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು. ಕೊನೆಗೆ ಮನಸ್ಸಿಗೆ ಬಂದದ್ದು ಬುತ್ತಿ ಕಟ್ಟದ ಆ ಅತ್ತೆ. ಅವಳ ಮುಂದೆ ಸೊಸೆಯ ಪರವಾಗಿ ಇದ್ದ ಒಂದೇ ಮಾತು ಬಸ್ಸು. ಆ ಮಾತನ್ನು ಕಿತ್ತುಕೊಂಡವಳು ನಾನು.

ಮೇಜಿಗೆ ಬಂದು ಬರೆದೆ. ರಸ್ತೆ ಕೆಟ್ಟಿರುವುದರಿಂದ ನಾಲ್ಕು ಊರುಗಳ ಟಿಕೆಟ್ಟುಗಳನ್ನು ಜಡಿಗೇನಹಳ್ಳಿಯಲ್ಲಿ ಒಟ್ಟಿಗೆ ಕೊಡಲಾಗುತ್ತಿತ್ತು. ನಾನು ನಿಯಮದಂತೆ ಬಸ್ಸಿನಲ್ಲಿ ಹೋಗಿದ್ದರೆ ಇದು ಮೊದಲ ದಿನವೇ ತಿಳಿಯುತ್ತಿತ್ತು. ನಾನು ಹೋಗಿರಲಿಲ್ಲ. ಹೋಗಿದ್ದೇನೆ ಎಂದು ಸಹಿ ಮಾಡಿದ್ದು ನನ್ನ ತಪ್ಪು.

ಇಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರಿನ ಹೊಸ ಟ್ರಿಪ್ ಬಿದ್ದುಹೋದರೆ ಬಾಗಿಲಿಗೆ ಜೋತುಬೀಳುವವರು ಮತ್ತೆ ಜೋತುಬೀಳುತ್ತಾರೆ, ಅವರೂ ಮನುಷ್ಯರೇ. ಶುಕ್ರವಾರ ಸಂಜೆಯವರೆಗೆ ಗೆರೆ ಎಳೆದು ಅಳಿಸಿ ನೋಡಿದೆ. ಸಮೇತನಹಳ್ಳಿಯಿಂದ ಬರುವ ಬಸ್ಸು ಹೊಸಕೋಟೆಯಲ್ಲಿ ಏಳೂ ಹತ್ತರಿಂದ ಏಳೂ ಮೂವತ್ತೈದರವರೆಗೆ ಸುಮ್ಮನೆ ನಿಲ್ಲುತ್ತಿತ್ತು. ಸಿಬ್ಬಂದಿಯ ತಿಂಡಿಯ ವಿರಾಮ. ಆ ವಿರಾಮವನ್ನು ಬೆಂಗಳೂರಿನ ತುದಿಗೆ ತಳ್ಳಿದರೆ ಹೊಸ ಟ್ರಿಪ್ ಮುಕ್ಕಾಲು ಗಂಟೆ ತಡವಾಗಿಯಾದರೂ ಉಳಿಯುತ್ತದೆ. ಬಿಸಿ ಇಡ್ಲಿ ಸಿಗುವ ಹೊತ್ತಿಗೆ ಅವರು ದಾರಿಯಲ್ಲಿರುತ್ತಾರೆ, ಅಷ್ಟೇ. ಸಮೇತನಹಳ್ಳಿ ಬಸ್ಸಿನ ಡ್ರೈವರು ಇವತ್ತಿಗೂ ನನ್ನನ್ನು ಕಂಡರೆ ಖಾಲಿ ಟೀ ಲೋಟ ಎತ್ತಿ ತೋರಿಸುತ್ತಾನೆ.

ಶನಿವಾರ ಮ್ಯಾನೇಜರು ಎರಡು ಹಾಳೆಯನ್ನೂ ಓದಿದರು. ಮೊದಲನೆಯದನ್ನು ಎರಡು ಸಲ ಓದಿದರು.

"ಇದನ್ನ ಫೈಲಿಗೆ ಹಾಕಿದ್ರೆ ನಿನಗೆ ಮೆಮೊ ಕೊಡ್ಲೇಬೇಕಾಗತ್ತೆ. ಗೊತ್ತಲ್ಲ?"

"ಗೊತ್ತು ಸಾರ್."

"ಕಂಡಕ್ಟರಿಗೆ ಬಾಯ್ಮಾತಿನ ಎಚ್ಚರಿಕೆ ಸಾಕಾ?"

"ಸಾಕು ಸಾರ್."

ಅವರು ನಿಟ್ಟುಸಿರು ಬಿಟ್ಟು ಹಳೆಯ ವೇಳಾಪಟ್ಟಿಗೆ ಸಹಿ ಹಾಕಿದರು. ಒಂದು ತಿಂಗಳ ಅವಧಿಗೆ, ಊರುವಾರು ಲೆಕ್ಕ ಬಂದ ಮೇಲೆ ಮುಂದಿನ ತೀರ್ಮಾನ ಎಂದು ಕೆಳಗೆ ಸೇರಿಸಿದರು. ಸಮೇತನಹಳ್ಳಿ ಬಸ್ಸಿನ ಎರಡನೆಯ ಹಾಳೆಗೂ ಸಹಿ ಹಾಕಿ, "ಆ ಊರುಗಳ ಮುಂದೆ ಮತ್ತೆ ಸೊನ್ನೆ ಬಂದ್ರೆ ಮಾತ್ರ ನನ್ನ ಹತ್ರ ಬರ್ಬೇಡ" ಎಂದರು. ಬಾಗಿಲ ತನಕ ಬಂದಾಗ ಕರೆದು, ಇನ್ನು ಮೇಲೆ ಐದನೆಯ ಅಂಕಣಕ್ಕೆ ಬಸ್ಸಿನ ಟಿಕೆಟ್ ಅಂಟಿಸಿ ತರಬೇಕೆಂದು ಎಲ್ಲರಿಗೂ ಹೇಳು ಎಂದರು. ನನ್ನ ಮೆಮೊ ಅದೇ ದಿನ ಸಂಜೆ ಬಂತು. ಮನೆಗೆ ಹೋಗಿ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಭಾನುವಾರ ಸಂಜೆಯ ಬಸ್ಸು ಮತ್ತೆ ಕೊನೆಯ ಊರಿಗೆ ಹೋಗಿ ನಿಂತಿತು. ಸೋಮವಾರ ಬೆಳಗ್ಗೆ ನಾನೂ ಅಲ್ಲಿದ್ದೆ, ಈ ಸಲ ಬೀಳದೆ ತಲುಪಿದ್ದೆ. ಹನ್ನೊಂದು ಜನ ಹತ್ತಿದರು. ಅಡುಗೆಯವಳು ಬುತ್ತಿಯ ಡಬ್ಬಿ ಹಿಡಿದು ಬಂದಳು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಕಂಬಳಿ ಹೊದ್ದ ಹಿರಿಯ ಹೆಂಗಸೊಬ್ಬರು ನಿಂತು, ಬಸ್ಸನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಮನೆಯ ಕಡೆ ಹೋದರು.

ಇನ್ನು ಟಿಕೆಟ್ಟು ಆಯಾ ಊರಲ್ಲೇ ಆಗಬೇಕಿತ್ತು. ಕಂಡಕ್ಟರು ಹೆಗಲ ಮೇಲಿನ ಟವೆಲ್ ತೆಗೆದು ಸೊಂಟವನ್ನು ಕಂಬಿಗೆ ಬಿಗಿಯಾಗಿ ಕಟ್ಟಿಕೊಂಡರು. ಎರಡೂ ಕೈ ಬಿಡುವಾಯಿತು. ಬಸ್ಸು ಕೊರಕಲಿಗೆ ಇಳಿದಾಗಲೆಲ್ಲ ಅವರು ಕಂಬಿಯ ಸುತ್ತ ಅರ್ಧ ಸುತ್ತು ಹೊಡೆದು ಬರುತ್ತಿದ್ದರು. ಹೆಂಗಸರು ನಕ್ಕು ನಕ್ಕು ಸುಸ್ತಾದರು.

"ಅಣ್ಣಾ, ಗಂಟು ಭದ್ರ ಹಾಕ್ಕೊ, ನಮ್ಮ ಮೇಲ್ ಬಿದ್ಗಿದ್ದೀಯ!"

"ನಗ್ರಮ್ಮ ನಗ್ರಿ. ನಿಮ್ಮೂರು ಉಳ್ಸಕ್ಕೇ ಈ ಕುಣಿತ" ಎಂದರು ಅವರು.

ಟಿಕೆಟ್ ಕೈಗೆ ಬಂದ ಮೇಲೆ ಅಡುಗೆಯವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ದಿನಾ ಸಿಕ್ಕ ಕೂಡಲೇ ಉಂಡೆ ಮಾಡಿ ಬಿಸಾಡುತ್ತಿದ್ದ ಚೀಟಿ. "ಇದ್ರಲ್ಲಿ ನಮ್ಮೂರ ಹೆಸ್ರು ಬರ್ತದಾ!" ಎಂದು ಪಕ್ಕದವಳಿಗೆ ತೋರಿಸಿ, ಮಡಚಿ ಡಬ್ಬಿಯ ಚೀಲದೊಳಗೆ ಇಟ್ಟುಕೊಂಡಳು. ನಾನು ಯಾರೆಂದು ಅವಳಿಗೆ ಹೇಳಿದೆ. ಬಯ್ಯುತ್ತಾಳೆಂದು ಕಾದಿದ್ದೆ. ಅವಳು "ಮೊದ್ಲೇ ಒಂದ್ಸಲ ಬಂದಿದ್ರೆ ಆಗ್ತಿತ್ತಲ್ಲ ಮೇಡಂ" ಎಂದಳು. ಬೈಗುಳವಾಗಿದ್ದರೆ ಇನ್ನೂ ವಾಸಿ ಇತ್ತು. ಆರೂ ಐವತ್ತೈದಕ್ಕೆ ಅವಳು ಹಾಸ್ಟೆಲಿನ ಗೇಟು ದಾಟಿದ್ದನ್ನು ನಾನು ಎದುರು ರಸ್ತೆಯಲ್ಲಿ ನಿಂತು ನೋಡಿದೆ.

ಆ ತಿಂಗಳು ಪೂರ್ತಿ ಮೇಜಿಗೆ ಬಂದ ಕೂಡಲೇ ಮೊದಲು ಆ ಬಸ್ಸಿನ ವರದಿ ತೆಗೆಯುತ್ತಿದ್ದೆ. ಪಾಸಿನವರನ್ನೂ ಎಣಿಸಿ ಚೀಟಿಯಲ್ಲಿ ಬರೆದುಕೊಡಿ ಎಂದು ಕಂಡಕ್ಟರಿಗೆ ಹೇಳಿದ್ದೆ. ಹನ್ನೊಂದು, ಮೂರು, ಐದು, ನಾಲ್ಕು. ಮಾರನೆಯ ದಿನ ಹನ್ನೊಂದು, ಮೂರು, ಆರು, ನಾಲ್ಕು. ಸೊನ್ನೆಯಿದ್ದ ಜಾಗದಲ್ಲಿ ನಿಂತ ಆ ಅಂಕಿಗಳಿಗೆ ನಿಧಾನವಾಗಿ ಮುಖಗಳು ಮೂಡುತ್ತಾ ಹೋದವು. ಮೂರು ಎಂದರೆ ಇಬ್ಬರು ಹೂವಿನವರು, ಒಬ್ಬ ಗಾರೆಯವನು. ತಿಂಗಳ ಕೊನೆಗೆ ಮ್ಯಾನೇಜರು ಲೆಕ್ಕ ನೋಡಿ ಹಾಲ್ಟನ್ನು ಖಾಯಂ ಮಾಡಿದರು.

ಅದಾದ ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಅಂದಿನ ವರದಿಯಲ್ಲಿ ಕೊನೆಯ ಊರಿನ ಮುಂದೆ ಹತ್ತು ಎಂದು ಇತ್ತು. ಹನ್ನೊಂದರಲ್ಲಿ ಒಂದು ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಯಾವ ಡಿಪೋದಲ್ಲೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಕೂರಲಾಗಲಿಲ್ಲ. ಕಂಡಕ್ಟರಿಗೆ ಫೋನ್ ಮಾಡಿದೆ.

"ಇವತ್ತು ಯಾರು ಬರಲಿಲ್ಲ?"

"ಹಾಸ್ಟೆಲ್ಲಿನವ್ರು ಮೇಡಂ."

"ಯಾಕಂತೆ? ಮನೇಲಿ ಬೇಡ ಅಂದ್ರಾ?"

"ಅಯ್ಯೋ, ಇಲ್ಲ ಮೇಡಂ. ಹಾಸ್ಟೆಲ್ಲಿಗೆ ಇವತ್ತು ರಜಾ ಅಂತೆ." ಅವರು ನಗುತ್ತಿದ್ದುದು ಫೋನಿನಲ್ಲೇ ಗೊತ್ತಾಗುತ್ತಿತ್ತು. "ಅವ್ರತ್ತೆ ಕಂಬಳಿ ಹೊದ್ಕೊಂಡು ಬಂದು ಬಸ್ಸಿನ ಬಾಗ್ಲು ತಟ್ಟಿದ್ರು. 'ಇವತ್ತು ನಮ್ ಹುಡ್ಗಿ ಬರಲ್ಲ, ಕಾಯ್ಬೇಡಿ, ನಾಳೆ ಬರ್ತಾಳೆ, ನಾಳೆ ಮಾತ್ರ ಬಿಟ್ಟು ಹೋಗ್ಬೇಡಿ' ಅಂತ ಹೇಳಿ ಹೋದ್ರು."